ಕಾನೂನು ಇದೆ, ಜೀಪಿಗೆ ಡೀಸೆಲ್ ಯಾರು ಹಾಕಿಸ್ತಾರೆ?

ನಿನ್ನೆ ಸ್ನೇಹಿತರೊಬ್ಬರು ನನ್ನ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ಕೈಗೆ ತಗೊಂಡ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಹಾಳೆ ತೀರಾ ತೆಳು. ಒತ್ತಕ್ಷರಗಳಲ್ಲಿ ಮಸಿ ತುಂಬಿ ಮುದ್ದೆಯಾಗಿದೆ. 112ನೇ ಪುಟ ತೆಗೆದೆ. ಮೊದಲ ಮುದ್ರಣದಲ್ಲಿ ಅಲ್ಲೊಂದು ಸಾಲು ಎರಡು ಸಲ ಅಚ್ಚಾಗಿತ್ತು. ಎರಡನೇ ಮುದ್ರಣಕ್ಕೆ ನಾನೇ ಕೂತು ತಿದ್ದಿದ್ದೆ. ಈ ಪ್ರತಿಯಲ್ಲಿ ‘ಮೂರನೇ ಮುದ್ರಣ’ ಅಂತ ಇದೆ, ಆ ಸಾಲು ಮಾತ್ರ ಎರಡು ಸಲ ಹಾಗೇ ಇದೆ. ನಾನು ಮೂರನೇ ಮುದ್ರಣ ಮಾಡಿಸಿಯೇ ಇಲ್ಲ. ಯಾರೋ ಕದ್ದು ಅಚ್ಚು ಹಾಕಿದ್ದಾರೆ.

ಅವರಿಗೆ ಗೊತ್ತಿರಲಿಲ್ಲ, ಪಾಪ. ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಕ್ಕಿತು ಅಂತ ತಗೊಂಡಿದ್ದಾರೆ. ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ. ನನ್ನ ಹತ್ತಿರ ಇದ್ದ ಒಳ್ಳೆ ಪ್ರತಿಗೆ ಸಹಿ ಹಾಕಿ ಕೊಟ್ಟು ಇದನ್ನು ಇಟ್ಟುಕೊಂಡೆ.

ಇವತ್ತು ಬೆಳಿಗ್ಗೆ ಸ್ಟೇಷನ್‌ಗೆ ಹೋದೆ. ಎಸ್‌ಐ ಒಳ್ಳೆ ಮನುಷ್ಯ. ಕೂರಿಸಿ ಮಾತಾಡಿಸಿದರು. ಆದರೆ ಮೊದಲ ಪ್ರಶ್ನೆಯೇ, ‘ಇದು ಸಿವಿಲ್ ಕೇಸ್ ಅಲ್ವಾ ಮೇಡಂ?’ ಅಲ್ಲ ಸರ್, ಅಂದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 63ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. 64ನೇ ಕಲಂ ಪ್ರಕಾರ ಎಸ್‌ಐ ದರ್ಜೆಯವರು ವಾರಂಟ್ ಇಲ್ಲದೇ ಕಳ್ಳ ಪ್ರತಿಗಳನ್ನು ಜಪ್ತಿ ಮಾಡಬಹುದು. ಇದು ಪೊಲೀಸರೇ ನೇರವಾಗಿ ಕೇಸು ಹಾಕಬಹುದಾದ ಅಪರಾಧ, ಜಾಮೀನು ಹಕ್ಕಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ನೀವು ಹೇಳೋದು ಸರಿ ಮೇಡಂ. ಗೋಡೌನ್ ಎಲ್ಲಿದೆ ಅಂತ ಹುಡುಕೋಕೆ ಯಾರನ್ನ ಕಳಿಸಲಿ? ಇರೋ ಹುಡುಗರೆಲ್ಲ ಬಂದೋಬಸ್ತ್‌ಗೆ ಹೋಗಿದ್ದಾರೆ. ಸಿಕ್ಕಿದರೂ ಅಷ್ಟು ಪುಸ್ತಕ ತಂದು ಎಲ್ಲಿ ಇಡಲಿ?’ ಜಪ್ತಿ ಮಾಡಿದ್ದನ್ನು ಇಡುವ ಮುದ್ದೆಮಾಲು ಕೋಣೆ ತೋರಿಸಿದರು. ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ಕಾಲಿಡಲು ಜಾಗ ಇಲ್ಲ.

ನಾನು ಸಿಟ್ಟು ಹೊತ್ತುಕೊಂಡು ಹೋಗಿದ್ದೆ. ಬರುವಾಗಲೂ ಸಿಟ್ಟಿತ್ತು, ಆದರೆ ಅವರ ಮೇಲಲ್ಲ. ಕಾನೂನು ಬರೆದು, ಅದನ್ನು ನಡೆಸಲು ದುಡ್ಡು ಇಡದವರ ಮೇಲೆ.

ಅಮೆರಿಕದಲ್ಲಿ 2008ರಲ್ಲಿ ‘ಪ್ರೋ-ಐಪಿ’ ಅಂತ ಕಾಯ್ದೆ ತಂದರು. ಬೌದ್ಧಿಕ ಆಸ್ತಿ, ಅಂದರೆ ಪುಸ್ತಕ, ಸಿನಿಮಾ, ಕಂಪನಿ ಹೆಸರಿನಂಥವುಗಳ ಮೇಲಿನ ಹಕ್ಕು ಕಾಯೋದಕ್ಕೆ. ಅದರಲ್ಲಿ ಶಿಕ್ಷೆಯ ಮಾತಷ್ಟೇ ಇಲ್ಲ. ರಾಜ್ಯದ ಪೊಲೀಸರಿಗೆ, ಊರಿನ ಪೊಲೀಸರಿಗೆ ಕೇಂದ್ರದಿಂದ ಅನುದಾನ ಕೊಡುವ ವ್ಯವಸ್ಥೆಯೂ ಇದೆ. ತರಬೇತಿಗೆ, ಕಂಪ್ಯೂಟರ್‌ಗೆ, ಬೇರೆ ತನಿಖಾ ತಂಡ ಕಟ್ಟೋದಕ್ಕೆ. ಲಂಡನ್‌ನಲ್ಲಿ 2013ರಲ್ಲಿ ಸಿಟಿ ಪೊಲೀಸರು ಇದಕ್ಕೇ ಅಂತ ಒಂದು ಘಟಕ ತೆರೆದರು, ದುಡ್ಡು ಕೊಟ್ಟಿದ್ದು ಅಲ್ಲಿನ ಬೌದ್ಧಿಕ ಆಸ್ತಿ ಕಚೇರಿ. ಎಷ್ಟು ಸರಳ ಅಲ್ವಾ? ಈ ಹಕ್ಕುಗಳನ್ನು ನೋಡಿಕೊಳ್ಳುವ ಕಚೇರಿಯೇ ಅದನ್ನು ಕಾಯುವವರ ಖರ್ಚು ನೋಡಿಕೊಂಡಿತು. ನಮ್ಮಲ್ಲೂ ತೆಲಂಗಾಣ 2016ರಲ್ಲಿ, ಮಹಾರಾಷ್ಟ್ರ 2017ರಲ್ಲಿ ಇಂಥ ಘಟಕ ಶುರು ಮಾಡಿದವು, ಮುಖ್ಯವಾಗಿ ಸಿನಿಮಾ ಕಳ್ಳ ಪ್ರತಿ ತಡೆಯೋದಕ್ಕೆ. ಆದರೆ ಸಿನಿಮಾ ಹಿಂದೆ ದೊಡ್ಡ ಉದ್ಯಮ ಇದೆ, ಅದು ಒತ್ತಾಯ ಮಾಡುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸುವವಳ ಹಿಂದೆ ಯಾರಿದ್ದಾರೆ? ನನಗಿರೋದು ಆ ಎಸ್‌ಐ ಒಬ್ಬರೇ. ಅವರ ಕೈಗೆ ಏನಾದರೂ ಕೊಡಿ ಅಂತ ಕೇಳ್ತಿದ್ದೇನೆ.

ಈಗ ಕಾಮೆಂಟ್‌ನಲ್ಲಿ ಬರುವ ಮಾತು ಗೊತ್ತು. ‘ಕೊಲೆ, ದರೋಡೆ ಹಿಡಿಯೋಕೇ ಪೊಲೀಸರಿಲ್ಲ, ನಿಮ್ಮ ಪುಸ್ತಕಕ್ಕೆ ಬೇಕಾ?’ ಅದಕ್ಕೇ ಬೇರೆ ದುಡ್ಡು ಬೇಕು ಅನ್ನೋದು. ಕೊಲೆ ತನಿಖೆಯಿಂದ ಒಬ್ಬ ಕಾನ್‌ಸ್ಟೆಬಲ್‌ನನ್ನೂ ಎಳೆದು ತರಬೇಡಿ. ಮತ್ತೆ ಇದು ಬರೀ ಪುಸ್ತಕದ ಮಾತಲ್ಲ. ಹೆಸರಾಂತ ಕಂಪನಿಯ ಚೀಟಿ ಅಂಟಿಸಿದ ನಕಲಿ ಮಾತ್ರೆ, ನಕಲಿ ಬ್ರೇಕ್ ಪ್ಯಾಡ್ ಮಾರುವವರದ್ದೂ ಇದೇ ದಂಧೆ. ಅಲ್ಲಿ ಇನ್ನೊಂದು ತೊಡಕಿದೆ. ಕಂಪನಿಯ ಹೆಸರು, ಗುರುತು ಕಾಯುವ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ದಾಳಿಗೆ ಕನಿಷ್ಠ ಡಿವೈಎಸ್‌ಪಿ ದರ್ಜೆಯವರೇ ಬೇಕು, ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯವನ್ನೂ ಪಡೆಯಬೇಕು. ಇದನ್ನೇ ನೋಡಿಕೊಳ್ಳುವ ಒಂದು ತಂಡ ಇಲ್ಲದಿದ್ದರೆ ಆ ಕಾಗದ ಹಿಡಿದು ಓಡಾಡುವವರು ಯಾರು?

‘ಬಡ ವಿದ್ಯಾರ್ಥಿಗಳು ಓದಲಿ ಬಿಡಿ’ ಅನ್ನುವವರಿಗೂ ಒಂದು ಮಾತು. ಕಾಲೇಜಿನಲ್ಲಿ ನಾನೂ ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿದವಳು. ಆಗ ಆ ಲೇಖಕರ ಮುಖ ನೆನಪಾಗಲೇ ಇಲ್ಲ. ಅದಕ್ಕೆ ಇವತ್ತಿಗೂ ನಾಚಿಕೆ ಇದೆ. ಹಾಗಂತ ಯಾವ ಹುಡುಗನನ್ನೂ ಸ್ಟೇಷನ್‌ಗೆ ಎಳೀರಿ ಅಂತ ನಾನು ಕೇಳುತ್ತಿಲ್ಲ. ಓದಲು ದುಡ್ಡಿಲ್ಲ ಅಂದರೆ ನನಗೆ ಬರೆಯಲಿ, ಸುಮ್ನೆ ಕಳಿಸಿಕೊಡ್ತೇನೆ, ಹಿಂದೆಯೂ ಕಳಿಸಿದ್ದೇನೆ. ನಾನು ಹೇಳ್ತಿರೋದು ಯಂತ್ರ ಇಟ್ಟು, ಸುಳ್ಳು ಮುದ್ರಣದ ಪುಟ ಹಾಕಿ, ಡಬ್ಬಗಟ್ಟಲೆ ಸಾಗಿಸುವವನ ಬಗ್ಗೆ. ಅವನಿಗೆ ಗೋಡೌನ್ ಇದೆ, ಗಾಡಿ ಇದೆ, ಕೆಲಸದವರಿದ್ದಾರೆ. ಅವನನ್ನು ಹಿಡಿಯಬೇಕಾದವರಿಗೆ ಪುಸ್ತಕ ಇಡಲು ಕೋಣೆ ಇಲ್ಲ.

ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಶಾಸಕರು ಸಿಕ್ಕರೆ ಇದೊಂದನ್ನು ಕೇಳಿ. ಜಿಲ್ಲೆಗೊಂದು ಚಿಕ್ಕ ತಂಡ, ಅದಕ್ಕೇ ಅಂತ ಎತ್ತಿಟ್ಟ ಹಣ, ಮಹಜರು ಹೇಗೆ ಬರೆಯಬೇಕು ಅಂತ ನಾಲ್ಕು ದಿನದ ತರಬೇತಿ. ಜಾಸ್ತಿ ಏನೂ ಅಲ್ಲ.

ಸೋಮವಾರ ಬಂದೋಬಸ್ತ್ ಮುಗಿಯುತ್ತೆ, ಆಮೇಲೆ ಬನ್ನಿ ಅಂದಿದ್ದಾರೆ ಎಸ್‌ಐ. ಆ ಕಳ್ಳ ಪ್ರತಿ, ನನ್ನ ಎರಡನೇ ಮುದ್ರಣದ ಒಂದು ಪ್ರತಿ, ಎರಡನ್ನೂ ಚೀಲದಲ್ಲಿ ಇಟ್ಟಿದ್ದೇನೆ, 112ನೇ ಪುಟಕ್ಕೆ ಗುರುತು ಹಾಕಿ.