ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಅದು ಆರನೇ ಆವೃತ್ತಿ ಅಲ್ಲ

"ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆರನೇ ಆವೃತ್ತಿ ಬಂತು, 2014ರ ಪುಸ್ತಕಗಳು ಇನ್ನು ಕೆಲಸಕ್ಕೆ ಬರಲ್ಲ, ಸಿಕ್ಕಷ್ಟಕ್ಕೆ ಮಾರಿಬಿಡಿ" ಎಂಬ ಮೆಸೇಜ್, ದಾಳ ಹಾಕುತ್ತಾ ಒಂದೊಂದು ಪಾತ್ರವಾಗಿ ಆಡುವ ಈ ಕಥೆಯಾಟದ ಆಟಗಾರರ ನಡುವೆ ಓಡಾಡುತ್ತಿದೆ. ಇದು ತಪ್ಪು.

2024ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಟಗಾರರ ನಿಯಮ ಪುಸ್ತಕ) ಐದನೇ ಆವೃತ್ತಿಯದೇ ಪರಿಷ್ಕರಣೆ. ಹಳೆಯ ಪುಸ್ತಕಗಳ ಜೊತೆ ಹೊಂದಿಕೊಳ್ಳುತ್ತದೆ ಎಂದು ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ 2022ರಲ್ಲೇ, ಕರಡು ನಿಯಮಗಳನ್ನು ಆಟಗಾರರ ಕೈಗೆ ಕೊಟ್ಟಾಗಲೇ ಹೇಳಿತ್ತು.

ಹೊಸ ಪುಸ್ತಕದಲ್ಲೇ ಇದಕ್ಕೆ ದಾರಿ ಕೊಟ್ಟಿದ್ದಾರೆ. ನಿಮ್ಮ ಪಾತ್ರದ ಬ್ಯಾಕ್‌ಗ್ರೌಂಡ್ (ಹಿನ್ನೆಲೆ) ಹಳೆಯ ಪುಸ್ತಕದ್ದಾ? ಒಂದು ಎಬಿಲಿಟಿ ಸ್ಕೋರ್‌ಗೆ (ಬಲ, ಬುದ್ಧಿಯಂಥ ಸಾಮರ್ಥ್ಯದ ಅಂಕ) 2, ಇನ್ನೊಂದಕ್ಕೆ 1 ಸೇರಿಸಿ, ಇಲ್ಲವೇ ಮೂರಕ್ಕೆ ಒಂದೊಂದು ಸೇರಿಸಿ. ಜೊತೆಗೆ ಆ ಬ್ಯಾಕ್‌ಗ್ರೌಂಡ್‌ನಲ್ಲಿ ಫೀಟ್ (ವಿಶೇಷ ಕೌಶಲ) ಇಲ್ಲದಿದ್ದರೆ ಒಂದು ಒರಿಜಿನ್ ಫೀಟ್, ಅಂದರೆ ಆರಂಭದಲ್ಲೇ ಸಿಗುವ ಫೀಟ್, ಆರಿಸಿಕೊಳ್ಳಿ, ಅಷ್ಟೇ. ಹಳೆಯ ಸಾಹಸಕಥೆಗಳನ್ನೂ ಆಡಬಹುದು.

ಬದಲಾವಣೆ ಇಲ್ಲವೇ ಇಲ್ಲ ಅಂತಲ್ಲ. ಆಯುಧಗಳಿಗೆ ಮಾಸ್ಟರಿ (ಆಯುಧಕ್ಕೊಂದು ವಿಶೇಷ ಪರಿಣಾಮ) ಬಂದಿದೆ, ಎಲ್ಲ ಸಬ್‌ಕ್ಲಾಸ್‌ಗಳೂ (ಪಾತ್ರದ ವರ್ಗದೊಳಗಿನ ಉಪವರ್ಗಗಳು) ಈಗ 3ನೇ ಲೆವೆಲ್‌ನಲ್ಲೇ ಶುರು. ಪಾತ್ರದ ಆಯಾಸದ ಲೆಕ್ಕವಂತೂ ಎಷ್ಟೋ ಸುಲಭ: ಆಯಾಸದ ಪ್ರತಿ ಹಂತಕ್ಕೂ ಇಪ್ಪತ್ತು ಮುಖದ ದಾಳದ ಪರೀಕ್ಷೆಯಲ್ಲಿ 2 ಕಳೆಯಿರಿ, ವೇಗದಲ್ಲಿ 5 ಅಡಿ. ನನಗೆ ಇದೇ ಜಾಸ್ತಿ ಇಷ್ಟವಾಗಿದ್ದು.

ಹೊಸದಕ್ಕೆ ಕಾಯುವ ಖುಷಿ ಎಲ್ಲರಿಗೂ ಇರುತ್ತದೆ, ಅಲ್ವಾ? ಆದರೆ ಈ ಮೆಸೇಜ್ ನಂಬಿ ಸುಮ್ನೆ ಪುಸ್ತಕ ಮಾರಬೇಡಿ. ದಯವಿಟ್ಟು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ, ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.