ನೇಲ್ ಗನ್ ಊರಿಗೆ ಬಂತು, ಅದರ ಜೊತೆಯವು ಬರಲಿಲ್ಲ

ಊರ ಕಡೆ ಈಗ ಯಾವ ಹೊಸ ಮನೆಗೆ ಕಾಲಿಟ್ಟರೂ ಸುತ್ತಿಗೆ ಸದ್ದಿಗಿಂತ ಕಂಪ್ರೆಸರ್ ಸದ್ದೇ ಜಾಸ್ತಿ. ಸಕಲೇಶಪುರದ ಹೋಮ್‌ಸ್ಟೇ ಇರಲಿ, ಹಾಸನದ ಹೊಸ ಬಡಾವಣೆಯ ಅಡುಗೆಮನೆ ಇರಲಿ, ಪ್ಲೈವುಡ್ ಕೆಲಸ ಶುರುವಾಯಿತು ಅಂದರೆ ಕಂಪ್ರೆಸರ್ ಗಾಳಿಯ ಬಲದಲ್ಲಿ ಮೊಳೆ ಹೊಡೆಯುವ ನೇಲ್ ಗನ್ ಬಂದೇ ಬರುತ್ತದೆ. ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ "ಎಫ್ 30 ಕೊಡ್ಲಾ, ಎಫ್ 50 ಕೊಡ್ಲಾ, ಗೋಡೆಗೆ ಹೊಡೆಯೋ ಎಸ್‌ಟಿ 64 ಬೇಕಾ" ಅನ್ನುತ್ತಾರೆ. ಎಫ್ 30 ಅಂದರೆ 30 ಮಿಲಿಮೀಟರ್‌ವರೆಗಿನ ಸಣ್ಣ ಮೊಳೆ, ಅಂಚು ಮುಚ್ಚುವ ಬೀಡಿಂಗ್ ಪಟ್ಟಿಗೆ ಸಾಕು. ಎಸ್‌ಟಿ 64 ಅಂದರೆ ಕಾಂಕ್ರೀಟಿಗೂ ಇಳಿಯುವಂಥದ್ದು. ಇದೆಲ್ಲ ಬಂದಿದ್ದು ಒಳ್ಳೆಯದೇ. ಸುತ್ತಿಗೆಯಲ್ಲಿ ದಿನವಿಡೀ ಬಡಿದು ಭುಜ ಹಾಳು ಮಾಡಿಕೊಂಡ ಆಚಾರ್ರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಂತ್ರ ಬೇಡ ಅನ್ನುವ ಹಳೇ ರಾಗ ನನ್ನದಲ್ಲ.

ನನ್ನ ತಕರಾರು ಬೇರೆ. ಹಾಸನದಲ್ಲಿ ಸಿವಿಲ್ ಓದಿ ಈಗ ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಮರದ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಇಲ್ಲಿ ಮನೆ ಅಂದರೆ ಇಟ್ಟಿಗೆಯಲ್ಲ, ಮರದ ಚೌಕಟ್ಟು. ಗೋಡೆ, ನೆಲ, ಚಾವಣಿ ಎಲ್ಲದಕ್ಕೂ ಮರದ ತುಂಡಿಗೆ ಮರದ ತುಂಡು, ನಡುವೆ ಮೂರು ಇಂಚು, ಮೂರೂಕಾಲು ಇಂಚಿನ ಮೊಳೆ. ಹಾಗಾಗಿ ಕಿವಿಯಲ್ಲಿ ಬೆಳಗಿಂದ ಸಂಜೆವರೆಗೆ ಇದೇ ಸದ್ದು. ರಜೆಗೆ ಊರಿಗೆ ಹೋದರೂ ಕಣ್ಣು ಮೊದಲು ಗನ್ ಹಿಡಿದವನ ಎಡಗೈ ಕಡೆ ಹೋಗುತ್ತದೆ. ಅಭ್ಯಾಸದ ಬಲ.

ಆ ಎಡಗೈಯಲ್ಲೇ ವಿಷಯ ಇರೋದು. ನಮ್ಮ ಬಡಗಿ ಕೆಲಸ ನೆಲದ ಮೇಲೆ ಕೂತು ಮಾಡುವ ಕೆಲಸ. ಹಲಗೆಯನ್ನು ಕಾಲಿನ ಬೆರಳಲ್ಲಿ ಅದುಮಿ ಹಿಡಿದು, ಎಡಗೈಯಲ್ಲಿ ಉಳಿ ಅಥವಾ ಮೊಳೆ, ಬಲಗೈಯಲ್ಲಿ ಸುತ್ತಿಗೆ. ಇದು ತಲೆಮಾರುಗಳ ಜಾಣತನ, ಇದನ್ನು ಹಿಂದುಳಿದದ್ದು ಅಂತ ನಾನು ಹೇಳುವುದಿಲ್ಲ. ಸುತ್ತಿಗೆಗೆ ಅದು ಸರಿಯಾದ ವಿಧಾನವೇ, ಯಾಕೆಂದರೆ ಮೊಳೆ ಕಣ್ಣ ಮುಂದೆ ನಿಧಾನವಾಗಿ ಇಳಿಯುತ್ತದೆ, ಬಾಗಿದರೆ ನಿಲ್ಲಿಸಬಹುದು, ತಪ್ಪಿದರೆ ಹೆಬ್ಬೆಟ್ಟು ನೀಲಿಯಾಗುತ್ತದೆ ಅಷ್ಟೆ. ಗನ್ನಿನಲ್ಲಿ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನಿಗೆ ಅಂಟಿದ ಬ್ಲೇಡು ಮೊಳೆಯನ್ನು ಹೊಡೆಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಮೊಳೆ ಒಳಗೆ ಯಾವ ಕಡೆ ಹೋಯಿತು ಅಂತ ಯಾರಿಗೂ ಕಾಣುವುದಿಲ್ಲ. ಆದರೆ ನಮ್ಮವರ ಎಡಗೈ ಇನ್ನೂ ಸುತ್ತಿಗೆ ಕಾಲದ ಜಾಗದಲ್ಲೇ ಇದೆ, ಗನ್ನಿನ ಮೂತಿಯಿಂದ ಎರಡು ಬೆರಳು ಆಚೆ. ಪಾದವೂ ಅಲ್ಲೇ, ಬರಿಗಾಲು ಇಲ್ಲವೇ ಹವಾಯಿ ಚಪ್ಪಲಿ.

ಇಲ್ಲಿ ಹೊಸಬರಿಗೆ ಹೇಳುವ ಲೆಕ್ಕ ಒಂದು ಅಡಿ. ಮೂತಿಯಿಂದ ಖಾಲಿ ಕೈ 12 ಇಂಚು ದೂರ ಇರಬೇಕು. ಅಷ್ಟು ದೂರದಿಂದ ಪಟ್ಟಿ ಹಿಡಿಯಲು ಆಗದಿದ್ದರೆ ಬಿಗಿದು ಹಿಡಿಯುವ ಕ್ಲಾಂಪ್ ಹಾಕು. ಗನ್ನನ್ನು ತಯಾರಿಸಿದವರ ಮನಸ್ಸಲ್ಲಿ ಇದ್ದ ಕೆಲಸಗಾರ ನಿಂತುಕೊಂಡು, ಬೂಟು ಹಾಕಿ, ಮೇಜಿಗೆ ಕ್ಲಾಂಪ್ ಬಿಗಿದು ಕೆಲಸ ಮಾಡುವವನು. ನಾವು ಗನ್ನು ತಂದುಕೊಂಡೆವು. ಮೇಜು, ಕ್ಲಾಂಪು, ಬೂಟು ಅಂಗಡಿಯಲ್ಲೇ ಉಳಿದವು. ಮೂರಕ್ಕೂ ಸೇರಿ ಆಗುವ ದುಡ್ಡು ಕೈಗೆ ಒಂದು ಸಲ ಬ್ಯಾಂಡೇಜ್ ಕಟ್ಟಿಸಿಕೊಂಡು ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಹೋಗುವ ಕೂಲಿಗಿಂತ ಜಾಸ್ತಿಯೇನೂ ಅಲ್ಲ.

ಇನ್ನು ಟ್ರಿಗರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರಲ್ಲಿ ಯಾರೂ ಈ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ. ದೊಡ್ಡ ಗನ್ನುಗಳಲ್ಲಿ ಮೂತಿಯ ತುದಿಗೆ ಒಂದು ಸ್ಪ್ರಿಂಗ್ ಇರುವ ಸೇಫ್ಟಿ ಇರುತ್ತದೆ, ಮರಕ್ಕೆ ಒತ್ತಿದರೆ ಮಾತ್ರ ಒಳಗೆ ಸರಿಯುತ್ತದೆ. ಟ್ರಿಗರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಟ್ರಿಗರ್ ಒತ್ತಿ ಹಿಡಿದುಕೊಂಡೇ ಮೂತಿಯನ್ನು ಟಕ್ ಟಕ್ ಅಂತ ತಾಗಿಸುತ್ತಾ ಹೋಗಬಹುದು, ತಾಗಿದಲ್ಲೆಲ್ಲ ಮೊಳೆ ಬೀಳುತ್ತದೆ. ಇದು ಕಾಂಟ್ಯಾಕ್ಟ್ ಟ್ರಿಗರ್. ಅದಕ್ಕೆ ಮರವೂ ಒಂದೇ, ತೊಡೆಯೂ ಒಂದೇ. ಇನ್ನೊಂದರಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು, ಮುಂದಿನ ಮೊಳೆಗೆ ಎರಡನ್ನೂ ಬಿಟ್ಟು ಮತ್ತೆ ಮೊದಲಿನಿಂದ. ಇದು ಫುಲ್ ಸೀಕ್ವೆನ್ಷಿಯಲ್. ಮೊದಲನೆಯದರಲ್ಲಿ ಗನ್ನು ಹಿಂದಕ್ಕೆ ಒದ್ದಾಗ ಮೂತಿ ಹಾರಿ ಮತ್ತೆ ತಾಗಿ, ಬೇಡದ ಎರಡನೇ ಮೊಳೆ ಹಾರುವುದು ಮಾಮೂಲು. ಗಾಯದ ಅಪಾಯ ಅದರಲ್ಲಿ ಸುಮಾರು ಎರಡು ಪಟ್ಟು ಅಂತ ಇಲ್ಲಿನ ಸುರಕ್ಷತಾ ಇಲಾಖೆ ಓಷಾ ಮತ್ತು ಸಂಶೋಧನಾ ಸಂಸ್ಥೆ ನಿಯೋಷ್ 2011ರಲ್ಲಿ ಗುತ್ತಿಗೆದಾರರಿಗೆ ಹೊರಡಿಸಿದ ಕೈಪಿಡಿಯಲ್ಲಿ ಬರೆದಿದ್ದಾರೆ.

"ಹಂಗಾದ್ರೆ ಕೆಲಸ ನಿಧಾನ ಆಗಲ್ವಾ" ಅನ್ನುತ್ತಾರೆ. ಅದನ್ನೂ ಇಲ್ಲಿನ ಸಂಶೋಧಕರು ಅಳೆದು ನೋಡಿದ್ದಾರೆ. ಅನುಭವ ಇರುವ ಹತ್ತು ಬಡಗಿಗಳಿಂದ 8 ಅಡಿ 10 ಅಡಿಯ ಎರಡೆರಡು ಸಣ್ಣ ಶೆಡ್ ಕಟ್ಟಿಸಿದರು, ಒಂದು ಈ ಟ್ರಿಗರ್‌ನಲ್ಲಿ, ಇನ್ನೊಂದು ಆ ಟ್ರಿಗರ್‌ನಲ್ಲಿ. ಮೊಳೆ ಹೊಡೆಯುವ ಹೊತ್ತಿನಲ್ಲಿ ಕಾಂಟ್ಯಾಕ್ಟ್ ಟ್ರಿಗರ್ ಶೇ 10ರಷ್ಟು ಬೇಗ. ಆದರೆ ಅಳತೆ, ಗುರುತು, ಕೊಯ್ಯುವುದು ಎಲ್ಲ ಸೇರಿಸಿದ ಒಟ್ಟು ಕೆಲಸದಲ್ಲಿ ಉಳಿದ ಸಮಯ ಶೇ 1ಕ್ಕಿಂತ ಕಡಿಮೆ! ಕೆಲಸ ಬೇಗ ಆಗುತ್ತೋ ನಿಧಾನ ಆಗುತ್ತೋ ಅನ್ನುವುದು ಟ್ರಿಗರ್‌ಗಿಂತ ಅದನ್ನು ಹಿಡಿದವನ ಕೈಯ ಮೇಲೇ ಜಾಸ್ತಿ ನಿಂತಿತ್ತು. ಅಷ್ಟಕ್ಕೋಸ್ಕರ ಬೆರಳು ಪಣಕ್ಕಿಡಬೇಕಾ?

ಊರಲ್ಲಿ ಸಿಗುವ ಅಗ್ಗದ ಎಫ್ 30 ಗನ್ನುಗಳಲ್ಲಂತೂ ಕೆಲವಕ್ಕೆ ಮೂತಿಯ ಸೇಫ್ಟಿಯೇ ಇರುವುದಿಲ್ಲ. ಟ್ರಿಗರ್ ಎಳೆದರೆ ಸಾಕು, ಎದುರು ಏನಿದ್ದರೂ ಮೊಳೆ ಹಾರುತ್ತದೆ. ಸಣ್ಣ ಮೊಳೆ ತಾನೆ ಅಂತ ಸುಮ್ನಿರಬೇಡಿ, ಕಣ್ಣಿಗೆ 30 ಮಿಲಿಮೀಟರ್ ಸಣ್ಣದಲ್ಲ.

ನನಗೆ ಅರ್ಥವಾಗದ್ದು ಇದು. ಮಲೆನಾಡಿನವರಿಗೆ ಕೋವಿ ಹೊಸದಲ್ಲ. ತೋಟದ ಮನೆಗಳಲ್ಲಿ ಕೋವಿ ಇರುತ್ತದೆ, ಚುನಾವಣೆ ಬಂದರೆ ಠಾಣೆಗೆ ಹೋಗಿ ಜಮಾ ಮಾಡಿ ಬರುತ್ತಾರೆ. ಮದ್ದಿರಲಿ ಬಿಡಲಿ, ನಳಿಗೆಯನ್ನು ಮನುಷ್ಯರ ಕಡೆ ತಿರುಗಿಸಿದರೆ ದೊಡ್ಡವರು ಕಪಾಳಕ್ಕೆ ಬಿಡುತ್ತಿದ್ದರು. ಕೋವಿಯ ಕುದುರೆಗೆ, ಅಂದರೆ ಟ್ರಿಗರ್‌ಗೆ, ಬೆರಳು ಹಾಕಿಕೊಂಡು ಯಾರೂ ನಡೆಯುತ್ತಿರಲಿಲ್ಲ. ಇಷ್ಟು ಶಿಸ್ತು ಗೊತ್ತಿರುವ ಊರಿನಲ್ಲಿ, ಟ್ರಿಗರ್ ಮೇಲೆ ಬೆರಳಿಟ್ಟುಕೊಂಡು ಏಣಿ ಹತ್ತುವ ಹುಡುಗನನ್ನು ಯಾರೂ ಗದರುವುದಿಲ್ಲ. ಬೇಸರಕ್ಕೆ ಗೆಳೆಯನ ಬೆನ್ನಿಗೆ ಗುರಿ ಇಟ್ಟು ನಗುವುದನ್ನೂ ಕಂಡಿದ್ದೇನೆ. ಆಯುಧ ಪೂಜೆಗೆ ಮಾತ್ರ ಅದೇ ಗನ್ನಿಗೆ ಕುಂಕುಮ, ಸೇವಂತಿಗೆ ಹೂವು, ನಿಂಬೆಹಣ್ಣು. ಅದರ ಗಾಳಿ ದಾರಿಗೆ ಎರಡು ಹನಿ ಎಣ್ಣೆ ಬಿಡಲು ಯಾರಿಗೂ ನೆನಪಿರುವುದಿಲ್ಲ.

ಹಾಗಂತ ಅಮೆರಿಕ ದೊಡ್ಡ ಸುರಕ್ಷಿತ ದೇಶ ಅಂದುಕೊಳ್ಳಬೇಡಿ. 2001ರಿಂದ 2005ರವರೆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 37,000 ಜನ ನೇಲ್ ಗನ್ ಗಾಯಕ್ಕೆ ಇಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೋಗಿದ್ದರು. ಮನೆ ಕಟ್ಟುವ ಕೆಲಸ ಕಲಿಯುವ ಹುಡುಗರಲ್ಲಿ ಐವರಿಗೆ ಇಬ್ಬರು ನಾಲ್ಕು ವರ್ಷದೊಳಗೆ ಒಂದಲ್ಲ ಒಂದು ಗಾಯ ಮಾಡಿಕೊಂಡಿದ್ದರು. ಬೇಗ ಮುಗಿಸಬೇಕು ಅಂತ ಮೂತಿಯ ಸೇಫ್ಟಿಯನ್ನು ಹಿಂದಕ್ಕೆ ಎಳೆದು ಕಟ್ಟುವವರು ಇಲ್ಲೂ ಇದ್ದಾರೆ. ಯಾವ ತರಬೇತಿಯೂ ಇಲ್ಲದೆ ಅಂಗಡಿಗೆ ಹೋಗಿ ಗನ್ನು ಬಾಡಿಗೆಗೆ ತಂದು ಮನೆ ಹಿಂದೆ ಡೆಕ್ಕು (ಮರದ ಜಗಲಿ) ಕಟ್ಟುವ ಮಹಾನುಭಾವರಂತೂ ಬೇಕಾದಷ್ಟು. ವ್ಯತ್ಯಾಸ ಇಷ್ಟೆ, ಇಲ್ಲಿ ಗಾಯವನ್ನು ಎಣಿಸುತ್ತಾರೆ. ನಮ್ಮಲ್ಲಿ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, "ಏನೂ ಆಗಾಕಿಲ್ಲ ಬುಡಿ ಸಾ" ಅಂತ ಮುಂದಿನ ಪಟ್ಟಿಗೆ ಹೋಗುತ್ತಾರೆ. ಎಣಿಸದೇ ಇದ್ದದ್ದು ಆಗಿಲ್ಲ ಅಂತಲೇ ಲೆಕ್ಕ.

ಇಲ್ಲಿನ ಕಾನೂನಿನಲ್ಲಿ ಚಿಕ್ಕ ಚಿಕ್ಕ ಸಾಲುಗಳಿವೆ, ಓದಿದರೆ ಊರಿನ ಚಿತ್ರವೇ ಕಣ್ಣಿಗೆ ಬರುತ್ತದೆ. 100 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಮೀರಿದ, ತಾನೇ ಮೊಳೆ ತುಂಬಿಕೊಳ್ಳುವ ಗನ್ನಿಗೆ ಮೂತಿಯ ಸೇಫ್ಟಿ ಕಡ್ಡಾಯ. ಧೂಳು ಊದಲು ಬಳಸುವ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕಡಿಮೆ ಇರಬೇಕು. ಪೈಪು ಹಿಡಿದು ಗನ್ನನ್ನು ಮೇಲೆಳೆಯುವುದು, ಇಳಿಸುವುದು ಮಾಡಬಾರದು. ನಮ್ಮಲ್ಲಿ? ಸಂಜೆ ಕೆಲಸ ಬಿಡುವಾಗ ಅದೇ ಕಂಪ್ರೆಸರ್ ಗಾಳಿಯಲ್ಲಿ ತಲೆ, ಬೆನ್ನು, ಪ್ಯಾಂಟು ಎಲ್ಲ ಊದಿಕೊಳ್ಳುತ್ತಾರೆ. ಚಾವಣಿ ಮೇಲಿರುವವನಿಗೆ ಪೈಪು ಕಟ್ಟಿದ ಹಾಗೇ ಗನ್ನು ನೇತಾಡುತ್ತಾ ಮೇಲೆ ಹೋಗುತ್ತದೆ. ಮೊಳೆ ಸರಿಯಾಗಿ ಮುಳುಗದಿದ್ದರೆ ಗಾಳಿಯ ಒತ್ತಡ ಏರಿಸುವ ರೆಗ್ಯುಲೇಟರ್ ಪೂರ್ತಿ ತಿರುಗಿಸಿಬಿಡುತ್ತಾರೆ. ಬೀಡಿಂಗ್ ಗನ್ನಿಗೆ ಸಾಮಾನ್ಯವಾಗಿ 4ರಿಂದ 7 ಬಾರ್ (ಸುಮಾರು 60ರಿಂದ 100 ಪಿಎಸ್‌ಐ) ಸಾಕು. ಡಬ್ಬಿ ಮೇಲೆ ಬರೆದಿರುತ್ತದೆ, ಆದರೆ ಇಂಗ್ಲಿಷಲ್ಲಿ. ಗನ್ನು ಹಿಡಿದವರು ನಮ್ಮ ಹುಡುಗರೋ, ರಾಜಸ್ಥಾನದಿಂದ ಬಂದವರೋ. ಇಲ್ಲಿ ಸ್ಪ್ಯಾನಿಷ್ ಮಾತಾಡುವ ಕೆಲಸಗಾರರು ಜಾಸ್ತಿ ಅಂತ 2011ರ ಆ ಕೈಪಿಡಿಯನ್ನು ಸ್ಪ್ಯಾನಿಷ್‌ನಲ್ಲೂ ತಂದರು. ಕನ್ನಡದಲ್ಲಿ, ಹಿಂದಿಯಲ್ಲಿ ನಾಲ್ಕು ಪುಟ ಚಿತ್ರದ ಸಮೇತ ಅಚ್ಚು ಹಾಕಿ ಗನ್ನಿನ ಡಬ್ಬಿಯೊಳಗೆ ಇಟ್ಟರೆ ಮಾರುವವರ ಗಂಟೇನು ಹೋಗುತ್ತದೆ?

ಮರದ ವಿಷಯದಲ್ಲಿ ಮಾತ್ರ ಇಲ್ಲಿಯದನ್ನು ಹಾಗೇ ಎತ್ತಿ ಅಲ್ಲಿ ಇಡಲು ಆಗುವುದಿಲ್ಲ. ಇಲ್ಲಿ ಹೆಚ್ಚಾಗಿ ಫರ್ ಮರ, ಮೊಳೆ ಸಲೀಸಾಗಿ ಇಳಿಯುತ್ತದೆ. ನಮ್ಮ ತೋಟದ ಸಿಲ್ವರ್ ಓಕ್ ಕೂಡ ಮೆದುವೇ, ತೆಳ್ಳಗಿನ ಹಲಗೆಯಾದರೆ ಮೊಳೆ ಆ ಕಡೆ ತೂರಿ ಬರುತ್ತದೆ, ಹಿಂದೆ ಹಿಡಿದವನ ಕೈ ನೋಡಿಕೊಳ್ಳಬೇಕು. ಹೊನ್ನೆ, ಮತ್ತಿ ಹಾಗಲ್ಲ. ಗಂಟಿಗೆ ತಾಗಿದರೆ ಮೊಳೆ ತಿರುಗಿ ಪಕ್ಕದಿಂದ ಹೊರಗೆ ಬರುತ್ತದೆ. ಪ್ಲೈವುಡ್ಡಿನ ಅಂಚಿಗೆ ಹೊಡೆದಾಗಲೂ ಅಷ್ಟೆ, ಪದರ ಹಿಡಿದುಕೊಂಡು ಹೋಗಿ ಮುಖದಲ್ಲಿ ಇಣುಕುತ್ತದೆ, ಅಲ್ಲೇ ಎಡಗೈ ಇರುತ್ತದೆ. ಹೆಂಚಿನ ಮನೆಗೆ ಹಳೇ ಪಕ್ಕಾಸಿನ ಮೇಲೆ ರೀಪು ಹೊಡೆಯುವುದಿದ್ದರೆ, ನನ್ನ ಮಾತು ಕೇಳಿದರೆ, ಸುತ್ತಿಗೆಯೇ ಸರಿ. ಹಳೇ ಮರದೊಳಗೆ ಹಳೇ ಮೊಳೆ ಎಲ್ಲಿದೆಯೋ ಗೊತ್ತಿರುವುದಿಲ್ಲ. ಕಬ್ಬಿಣಕ್ಕೆ ತಾಗಿದ ಮೊಳೆ ವಾಪಸ್ ಮುಖಕ್ಕೆ ಬರಬಹುದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಮಾಡಿನ ಮೇಲೆ ಗನ್ನು ಒದೆಯುವ ಒದೆತಕ್ಕೆ ಕಾಲು ನಿಲ್ಲುವುದೂ ಕಷ್ಟ. ಕನ್ನಡಕ ಎಲ್ಲ ಮರಕ್ಕೂ ಬೇಕು. ಕಿವಿಗೆ ಪ್ಲಗ್ ಕೂಡ.

ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ತೆಗೆಯಬೇಕು, ಆಮೇಲೆ ಮೂತಿಗೆ ಕೈ ಹಾಕಬೇಕು. ಇದೊಂದನ್ನು ಅವಸರದಲ್ಲಿ ಬಿಟ್ಟವರೇ ಹೆಚ್ಚು. ಪೈಪಿನ ಜೋಡಣೆಯಲ್ಲೂ ಒಂದು ಸೂಕ್ಷ್ಮ ಇದೆ. ಗಾಳಿ ತಡೆಯುವ ಕಪ್ಲರ್ ಪೈಪಿನ ಕಡೆ ಇರಬೇಕು, ಗನ್ನಿನ ಕಡೆ ಬರೀ ತೆರೆದ ಪ್ಲಗ್. ಉಲ್ಟಾ ಹಾಕಿದರೆ ಪೈಪು ತೆಗೆದ ಮೇಲೂ ಗನ್ನಿನೊಳಗೆ ಗಾಳಿ ಉಳಿದು, ಇನ್ನೊಂದು ಮೊಳೆ ಹಾರುವಷ್ಟು ಶಕ್ತಿ ಇರುತ್ತದೆ. ಕರೆಂಟ್ ಹೋಯಿತು ಅಂತ ಪಕ್ಕದ ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರ್‌ಗೆ ಜೋಡಿಸುವ ಐಡಿಯಾ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ, ಗನ್ನು ಸಿಡಿಯುತ್ತದೆ. ಮಲೆನಾಡಿನ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ, ದಿನಾ ಸಂಜೆ ಟ್ಯಾಂಕಿನ ಕೆಳಗಿನ ವಾಲ್ವ್ ಬಿಚ್ಚಿ ನೀರು ಬಸಿಯಬೇಕು, ಇಲ್ಲದಿದ್ದರೆ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ.

ಮೊಳೆ ಕೈಗೆ ಹೊಕ್ಕೇಬಿಟ್ಟರೆ ಇಕ್ಕಳ ಹುಡುಕಬೇಡಿ. ಗನ್ನಿನ ಮೊಳೆಗೆ ಅಂಟು, ಸಾಲಾಗಿ ಜೋಡಿಸಿದ ತಂತಿಯ ಮುಳ್ಳು ಎಲ್ಲ ಇರುತ್ತದೆ, ಎಳೆದರೆ ನರ, ಸ್ನಾಯು ಇನ್ನಷ್ಟು ಹರಿಯುತ್ತದೆ. ಅಲುಗಾಡದ ಹಾಗೆ ಬಟ್ಟೆ ಕಟ್ಟಿ ಹಾಗೇ ಆಸ್ಪತ್ರೆಗೆ ಹೋಗಿ. ಹೊರಗಿನ ತೂತು ಚಿಕ್ಕದಾಗಿ ಕಾಣುವುದೇ ಮೋಸ. ಕೀಲಿನೊಳಗೆ ಸೋಂಕು ಹೋದರೆ ಬೆರಳು ಮತ್ತೆ ಮಡಚಲಿಕ್ಕಿಲ್ಲ. ಟಿಟಿ ಇಂಜೆಕ್ಷನ್ ಮರೆಯಬೇಡಿ.

ಇಷ್ಟೆಲ್ಲ ಹೇಳಿದಾಗ ಊರಿನ ಒಬ್ಬ ಮೇಸ್ತ್ರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಸಾ, ನಿಮ್ ಕಡೆ ಚದರಡಿಗೆ ಎಷ್ಟು ಕೊಡ್ತಾರೆ?" ಅದರಲ್ಲಿ ನ್ಯಾಯ ಇದೆ. ಇಲ್ಲೂ ಅಡಿ ಲೆಕ್ಕದಲ್ಲಿ ದುಡಿಯುವ ತಂಡಗಳೇ ಕಾಂಟ್ಯಾಕ್ಟ್ ಟ್ರಿಗರ್ ಬಿಡಲು ಒಪ್ಪದವರು. ಅಡಿ ಲೆಕ್ಕದಲ್ಲಿ ದುಡಿಸಿ, ಅವಸರ ಮಾಡಬೇಡ ಅಂದರೆ ಯಾರು ಕೇಳುತ್ತಾರೆ? ಅವರಲ್ಲಿ ಎಷ್ಟೋ ಜನಕ್ಕೆ ಲೇಬರ್ ಕಾರ್ಡೂ ಇಲ್ಲ. 1996ರ ಕಾಯ್ದೆಯಿಂದ ಬಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 90 ದಿನದ ಕೆಲಸ ತೋರಿಸಿದರೆ ಬಡಗಿಗಳೂ ನೋಂದಣಿ ಮಾಡಿಸಬಹುದು, ಅಪಘಾತವಾದರೆ ನೆರವು ಸಿಗುತ್ತದೆ. ಮನೆ ಕಟ್ಟಿಸುವವರು ಗ್ರಾನೈಟ್ ಆರಿಸಲು ಓಡಾಡುವ ಅರ್ಧದಷ್ಟು ಓಡಾಡಿದರೂ ತಂಡದವರೆಲ್ಲರ ಕಾರ್ಡ್ ಆಗಿಬಿಡುತ್ತದೆ.

ನನ್ನ ಚಿಕ್ಕಪ್ಪನ ಮಗ ಬೇಲೂರು ರಸ್ತೆಯ ಹತ್ತಿರದ ತನ್ನ ಹೋಮ್‌ಸ್ಟೇಗೆ ಹೊಸ ರೂಮು ಸೇರಿಸುತ್ತಿದ್ದಾನೆ. ಅವನಿಗೆ ಫೋನಿನಲ್ಲಿ ಹೇಳಿದ್ದೇನೆ. ಸೀಕ್ವೆನ್ಷಿಯಲ್ ಟ್ರಿಗರ್ ಇರುವ ಗನ್ನು ನೀನೇ ಕೊಂಡು ತಂಡಕ್ಕೆ ಕೊಡು, ಕ್ಲಾಂಪು, ಕನ್ನಡಕ ತಂದಿಡು, ಬೀಡಿಂಗ್ ಕೆಲಸ ಅಡಿ ಲೆಕ್ಕ ಬೇಡ, ದಿನಗೂಲಿ ಮಾಡು ಅಂತ. ಗನ್ನಿಗೆ, ಕ್ಲಾಂಪಿಗೆ, ಕನ್ನಡಕಕ್ಕೆ ಹೂಂ ಅಂದ. ದಿನಗೂಲಿಗೆ ಮಾತ್ರ "ಆಗಲ್ಲ ಕಣೋ, ದಿನ ಎಳೆದುಬಿಡ್ತಾರೆ" ಅನ್ನುತ್ತಿದ್ದಾನೆ. ಆ ವಾದ ಇನ್ನೂ ನಡೆಯುತ್ತಿದೆ.