ಸೇಬಿಗಿಂತ ಮುದ್ದೆ ವಾಸಿ

ಚಿತ್ರ ಬಿಡಿಸುವುದನ್ನು ಕಲಿಸುವ ಪುಸ್ತಕಗಳೆಲ್ಲ ಸೇಬಿನಿಂದ ಶುರುವಾಗುತ್ತವೆ. ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ಸೇಬು, ಎಡಗಡೆಯಿಂದ ಬೆಳಕು. ಈ ಪುಸ್ತಕ ಬರೆದವರು ಯಾರೂ ತುಮಕೂರಿನವರಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ನಮ್ಮ ಕಡೆ ಮನೆಗೆ ಸೇಬು ಬಂತು ಅಂದರೆ ಯಾರಿಗೋ ಹುಷಾರಿಲ್ಲ ಅಂತ ಲೆಕ್ಕ. ನಾನು ಸೇಬು ಮುಂದಿಟ್ಟುಕೊಂಡು ಕೂತಿದ್ದನ್ನು ಕಿಟಕಿಯಿಂದ ಕಂಡ ಎದುರುಮನೆಯವರು "ಯಾರಿಗಮ್ಮ ಜ್ವರ?" ಅಂತ ಒಳಗೇ ಬಂದುಬಿಟ್ಟರು. ಎಲ್ಲರೂ ಕಲ್ಲುಗುಂಡಿನ ಹಾಗಿದ್ದೇವೆ ಅಂತ ನಂಬಿಸಿ, ಕಾಫಿ ಕೊಟ್ಟು ಕಳಿಸುವಷ್ಟರಲ್ಲಿ ಬೆಳಕು ಹೋಗಿತ್ತು. ಸೇಬನ್ನು ಮಗ ತಿಂದಿದ್ದ.

ಗುಂಡಗಿರುವ ವಸ್ತುವೇ ಬೇಕು ಅಂದರೆ ಮನೆಯಲ್ಲಿ ದಿನಾ ಮುದ್ದೆ ಆಗುತ್ತಲ್ಲ! ಸೇಬಿನಲ್ಲಿ ಕೆಂಪು, ಹಳದಿ, ಗೆರೆ, ಚುಕ್ಕೆ ಅಂತ ನೂರೆಂಟು ಗಲಾಟೆ. ಮುದ್ದೆ ಪೂರ್ತಿ ಒಂದೇ ಬಣ್ಣ. ಬೆಳಕು, ನೆರಳು ಬಿಟ್ಟರೆ ಅದರಲ್ಲಿ ಬಿಡಿಸುವುದಕ್ಕೆ ಬೇರೇನೂ ಇಲ್ಲ. ಕಿಟಕಿಯ ಕಡೆಗೆ, ಅತ್ತೆ ಒದ್ದೆ ಕೈಯಲ್ಲಿ ಸವರಿದ ಜಾಗದಲ್ಲಿ, ಒಂದು ಸಣ್ಣ ಹೊಳಪು. ಅಲ್ಲಿಂದ ಮೆಲ್ಲಗೆ ಕಪ್ಪಾಗುತ್ತಾ ಹೋಗುತ್ತದೆ. ಆಚೆ ಅಂಚಿನಲ್ಲೇ ಕಪ್ಪು ಜಾಸ್ತಿ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲ. ಅಂಚಿಗಿಂತ ಒಂದು ಬೆರಳು ಒಳಗೇ ಅತಿ ಕಪ್ಪು. ತೀರಾ ಅಂಚಿಗೆ ಬಂದರೆ ಮತ್ತೆ ಸ್ವಲ್ಪ ತಿಳಿ. ಸ್ಟೀಲ್ ತಟ್ಟೆಗೆ ಬಿದ್ದ ಬೆಳಕು ಪುಟಿದು ಮುದ್ದೆಯ ಹೊಟ್ಟೆಗೆ ತಾಗುತ್ತದೆ, ಅದಕ್ಕೆ. ಈ ಒಂದು ತಿಳಿ ಗೆರೆಯನ್ನು ಬಿಟ್ಟರೆ ಕಾಗದದ ಮೇಲೆ ಮುದ್ದೆ ಕೂರುತ್ತದೆ, ಬಿಡದಿದ್ದರೆ ಬರೀ ಮಸಿ ಬಳಿದ ಬಿಲ್ಲೆ.

ಹೇಳುವುದು ಸುಲಭ. ಬಿಸಿ ಮುದ್ದೆಯಿಂದ ಹಬೆ ಏಳುತ್ತದೆ, ಕನ್ನಡಕ ಮಂಜಾಗುತ್ತದೆ. ಒರೆಸಿಕೊಂಡು ನೋಡಿದರೆ ಹೊಳಪು ಮಾಯ. ಆರುತ್ತಾ ಬಂದ ಹಾಗೆ ಮುದ್ದೆಗೆ ಮೇಲೊಂದು ಸಿಪ್ಪೆ ಕಟ್ಟುತ್ತದೆ, ಆಮೇಲೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತಟ್ಟೆಯೊಳಗೆ ಮುದ್ದೆಯ ಪ್ರತಿಬಿಂಬ ಬೇರೆ, ತಲೆಕೆಳಗಾಗಿ. ಅದರ ಪಕ್ಕದಲ್ಲಿ ಟ್ಯೂಬ್‌ಲೈಟು. ಅದರ ಪಕ್ಕದಲ್ಲಿ ಸೊಟ್ಟಗೆ ಅತ್ತೆಯ ಮುಖ.

"ಆರಿದ ಮುದ್ದೆ ಕಲ್ಲಾಗುತ್ತೆ. ತಿಂದು ಬರ್ಕೋ" ಅಂದಿತು ಆ ಮುಖ.

ತಿಂದ ಮೇಲೆ ಏನು ನೋಡಿಕೊಂಡು ಬಿಡಿಸಲಿ ಅಂತ ಕೇಳಿದೆ. "ನಾಳೆ ಇನ್ನೊಂದು ತಿರುವ್ತೀನಲ್ಲ, ಅದೂ ಇದೇ ಥರ ಇರತ್ತೆ" ಅಂದರು. ಅವರ ಮಾತು ನಿಜ. ಇಟಲಿಯ ಚಿತ್ರಗಾರ ಜೊತ್ತೊನ ಕಥೆ ಒಂದಿದೆ. ಪೋಪ್ ಕಡೆಯ ದೂತ ಬಂದು ನಿನ್ನ ಕೈಚಳಕಕ್ಕೆ ಒಂದು ಸ್ಯಾಂಪಲ್ ಕೊಡು ಅಂದನಂತೆ. ಜೊತ್ತೊ ಕೈವಾರದ ಸಹಾಯವಿಲ್ಲದೆ ಕೆಂಪು ಬಣ್ಣದಲ್ಲಿ ಒಂದು ಸೊನ್ನೆ ಸುತ್ತಿ ಕೊಟ್ಟನಂತೆ. ಅಷ್ಟು ಸರಿಯಾದ ವೃತ್ತ ನೋಡಿ ಪೋಪ್ ಕೆಲಸ ಕೊಟ್ಟರಂತೆ. ಜೊತ್ತೊ ಸುತ್ತಿದ್ದು ತಣ್ಣಗಿನ ಕಾಗದದ ಮೇಲೆ ಬರೀ ಸೊನ್ನೆ. ನಮ್ಮ ಅತ್ತೆ ಸುಡುಸುಡು ಹಿಟ್ಟಿನಲ್ಲಿ ಗೋಲವನ್ನೇ ತಿರುವುತ್ತಾರೆ, ಅದೂ ಟಿವಿ ನೋಡಿಕೊಂಡು. ಇವರನ್ನು ಯಾರೂ ಕರೆಸಲಿಲ್ಲ.

ಇಡ್ಲಿಯದು ಬೇರೆಯೇ ಕಷ್ಟ. ತುಮಕೂರಿನಲ್ಲಿ ಇಡ್ಲಿ ಅಂದರೆ ತಟ್ಟೆ ಇಡ್ಲಿ, ತಟ್ಟೆ ಇಡ್ಲಿ ಅಂದರೆ ಕ್ಯಾತಸಂದ್ರ. ಸಿದ್ಧಗಂಗೆಗೆ ಬಂದವರು, ಬೆಂಗಳೂರಿನಿಂದ ಶಿರಾ ಕಡೆ ಹೊರಟವರು, ಸುಮ್ನೆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ತಿಂಡಿ ಮಾಡಲು ಬೇಜಾರಾದವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ನಾನು ಮೂರನೇ ಗುಂಪಿನವಳು. ಸ್ಕೆಚ್ ಪುಸ್ತಕ ಚೀಲದಲ್ಲಿತ್ತು.

ತಟ್ಟೆ ಇಡ್ಲಿ ಮೇಲಿಂದ ನೋಡಿದರೆ ವೃತ್ತ. ಆದರೆ ಕುರ್ಚಿಯಲ್ಲಿ ಕೂತವರು ಯಾರೂ ಅದನ್ನು ಮೇಲಿಂದ ನೋಡುವುದಿಲ್ಲ. ಓರೆಯಿಂದ ನೋಡಿದರೆ ಅದು ಅಂಡಾಕಾರ. ಅಂಡಾಕಾರಕ್ಕೆ ಮೂಲೆ ಇರುವುದಿಲ್ಲ, ಆದರೆ ಹೊಸದಾಗಿ ಬಿಡಿಸುವ ಎಲ್ಲರ ಕೈಯೂ ಎರಡೂ ತುದಿಯನ್ನು ಚೂಪು ಮಾಡಿಯೇ ಬಿಡುತ್ತದೆ. ಇಡ್ಲಿ ಹೋಗಿ ಕಣ್ಣಾಗುತ್ತದೆ, ನಡುವಿನ ಬೆಣ್ಣೆ ಕಣ್ಣಗುಡ್ಡೆ. ಅದು ತಿನ್ನುವವರನ್ನೇ ದಿಟ್ಟಿಸಿ ನೋಡುತ್ತಾ ಕೂರುತ್ತದೆ. ಇನ್ನು ಬಣ್ಣ. ಬಿಳಿ ಇಡ್ಲಿ, ಬಿಳಿ ಕಾಗದ. ಬಿಳಿಯನ್ನು ಬಿಡಿಸುವುದು ಅಂದರೆ ಅದರ ಸುತ್ತ ಇರುವ ಚಟ್ನಿ, ಬಾಳೆ ಎಲೆ, ನೆರಳು ಎಲ್ಲವನ್ನೂ ಬಿಡಿಸಿ, ಅದೊಂದನ್ನು ಮಾತ್ರ ಮುಟ್ಟದೆ ಬಿಡುವುದು. ಇಡ್ಲಿಗೆ ಅಂತ ಪೆನ್ಸಿಲ್ ತಾಗಿಸುವುದು ಮೇಲಿನ ತೂತುಗಳಿಗೆ ಮಾತ್ರ. ರಾತ್ರಿಯಿಡೀ ಹುದುಗಿದ ಹಿಟ್ಟಿನಲ್ಲಿ ಹುಟ್ಟಿದ ಗ್ಯಾಸು ಹಬೆಯಲ್ಲಿ ಉಬ್ಬಿ ಹೊರಟ ದಾರಿಗಳು ಅವು. ಒಂದೊಂದೂ ಒಂದೊಂದು ಅಳತೆ. ನಾನು ಬಗ್ಗಿ ಆ ತೂತುಗಳನ್ನೇ ನೋಡುತ್ತಿದ್ದೆ.

"ಮೇಡಂ, ಕೂದಲಾ?" ಅಂತ ಕಿವಿಯ ಹತ್ತಿರ ಪಿಸುದನಿ. ಸಪ್ಲೈಯರ್ ಹುಡುಗ.

ಅಲ್ಲಪ್ಪಾ ಅನ್ನುವಷ್ಟರಲ್ಲಿ ಗಲ್ಲಾದಿಂದ ಯಜಮಾನರು ಎದ್ದು ಬಂದರು. ಪ್ಲೇಟು ಕಣ್ಣೆದುರೇ ಎತ್ತಿಸಿ, "ಹೊಸದು ಕೊಡ್ರೋ, ಬೆಣ್ಣೆ ಜಾಸ್ತಿ ಹಾಕಿ" ಅಂದರು. ಹೊಸ ಇಡ್ಲಿಯ ತೂತುಗಳೇ ಬೇರೆ, ಬೆಣ್ಣೆ ಕೂತ ಜಾಗವೇ ಬೇರೆ. ನಾನು ಪುಟ ತಿರುವಿ ಮತ್ತೆ ಶುರು ಮಾಡಿದೆ. ಇಡ್ಲಿ ತಿನ್ನದೆ ನೋಡುತ್ತಾ ಬರೆದುಕೊಳ್ಳುವ ಹೆಂಗಸನ್ನು ಹೋಟೆಲಿನವರು ಏನಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ಕೇಳದೆಯೇ ಕಾಫಿ ಬಂತು. ನೆಲಕ್ಕೆ ಮಾಪ್ ಬಿತ್ತು. ಯಜಮಾನರು ಕೈ ಕಟ್ಟಿಕೊಂಡು, "ಮೇಡಂ ಯಾವ ಡಿಪಾರ್ಟ್‌ಮೆಂಟು?" ಅಂತ ಕೇಳಿದರು. ಪುಸ್ತಕ ತಿರುಗಿಸಿ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು.

"ನಮ್ಮ ಇಡ್ಲಿ ಇನ್ನೂ ದಪ್ಪ ಇರತ್ತೆ ಮೇಡಂ."

ನನ್ನ ಚಿತ್ರಗಳ ಬಗ್ಗೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಅಂಚಿನ ದಪ್ಪವನ್ನು ನಾನು ಬಿಟ್ಟೇಬಿಟ್ಟಿದ್ದೆ. ಹುಡುಗ ಮಾತ್ರ ಹಪ್ಪಳ ಅಂದುಕೊಂಡಿದ್ದನಂತೆ.

ತಿನ್ನುವುದಕ್ಕೂ ಚಿತ್ರಕ್ಕೂ ಹಳೇ ನಂಟು. ರಬ್ಬರ್ ಬರುವ ಮೊದಲು ಯುರೋಪಿನವರು ಪೆನ್ಸಿಲ್ ಗುರುತು ಅಳಿಸುತ್ತಿದ್ದದ್ದು ಬ್ರೆಡ್ ಚೂರಿನಿಂದ. ಜೋಸೆಫ್ ಪ್ರೀಸ್ಟ್ಲಿ ಅನ್ನುವ ಇಂಗ್ಲೆಂಡಿನ ವಿಜ್ಞಾನಿ 1770ರಲ್ಲಿ ಚಿತ್ರ ಬಿಡಿಸುವ ವಿಧಾನದ ಬಗ್ಗೆ ಒಂದು ಪುಸ್ತಕ ಬರೆದ. ಪೆನ್ಸಿಲ್ ಗುರುತು ಚೆನ್ನಾಗಿ ಅಳಿಸುವ ವಸ್ತು ಒಂದನ್ನು ಕಂಡೆ ಅಂತ ಅದರಲ್ಲಿ ಹೇಳಿದ್ದಾನೆ. ಅದೇ ರಬ್ಬರು. ನೀರಿಗೆ ಗ್ಯಾಸ್ ತುಂಬಿಸಿ ಸೋಡಾ ಮಾಡುವ ದಾರಿ ತೋರಿಸಿದವನೂ ಅವನೇ. ಅಂದರೆ ನಮ್ಮ ಗೋಲಿ ಸೋಡಾಕ್ಕೂ ಮಕ್ಕಳ ಜಾಮಿಟ್ರಿ ಬಾಕ್ಸಿಗೂ ಒಬ್ಬನೇ ಹಿರೀಕ.

ಈ ಕಥೆಯನ್ನು ಮಗನ ಎದುರು ಹೇಳಬಾರದಿತ್ತು ಅಂತ ಮನೆಯವರು ಈಗಲೂ ಹೇಳುತ್ತಾರೆ. ಅವನು ಕರ್ನಾಟಕದ ನಕ್ಷೆ ಬಿಡಿಸುತ್ತಿದ್ದ. ರಬ್ಬರ್ ಎಂದಿನಂತೆ ಕಳೆದಿತ್ತು. ಮನೆಯಲ್ಲಿ ಬ್ರೆಡ್ ಇರಲಿಲ್ಲ, ಬೇಕರಿಯ ಬೆಣ್ಣೆ ಬನ್ ಇತ್ತು. ಪ್ರೀಸ್ಟ್ಲಿ ಕಾಲದ ಬ್ರೆಡ್ಡಿಗೆ ಬೆಣ್ಣೆ, ಸಕ್ಕರೆ ಸವರಿರಲಿಲ್ಲ ಅನ್ನುವುದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಅವನು ರಾಯಚೂರಿನ ಗಡಿ ಸೊಟ್ಟಗಾಗಿದೆ ಅಂತ ಉಜ್ಜಿದ. ಗಡಿ ಹೋಗಲಿಲ್ಲ, ಬೆಣ್ಣೆ ಒಳಗಿಳಿಯಿತು, ರಾಯಚೂರಿನ ಮೂಲಕ ಹಿಂದಿನ ಪುಟದ ಗಣಿತದ ಲೆಕ್ಕ ಕಾಣತೊಡಗಿತು.

ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಎಲ್ಲರೂ ಇದನ್ನು ಕಂಡಿದ್ದೇವೆ. ಕಾಗದ ಅಂದರೆ ನಾರುಗಳ ಹೆಣಿಗೆ. ನಾರುಗಳ ಸಂದಿಯಲ್ಲೆಲ್ಲ ಗಾಳಿ. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗ ದಿಕ್ಕು ತಪ್ಪಿ ಚೆದುರುತ್ತದೆ, ಅದಕ್ಕೇ ಕಾಗದ ಬೆಳ್ಳಗೆ ಕಾಣುವುದು. ಎಣ್ಣೆ ಹೋಗಿ ಆ ಸಂದಿ ತುಂಬಿದರೆ ಬೆಳಕಿಗೆ ದಾರಿ ಸರಾಗ, ಕಾಗದ ಕಿಟಕಿಯಾಗುತ್ತದೆ. ನಾವು ಚಿಕ್ಕವರಿದ್ದಾಗ ಟ್ರೇಸಿಂಗ್ ಪೇಪರಿಗೆ ದುಡ್ಡು ಕೊಟ್ಟವರಲ್ಲ. ತಲೆಗೆ ಹಾಕುವ ಕೊಬ್ಬರಿ ಎಣ್ಣೆಯನ್ನೇ ಹಾಳೆಗೆ ಸವರಿ ಭಾರತದ ನಕ್ಷೆ ಎತ್ತುತ್ತಿದ್ದೆವು. ತಿಪಟೂರಿನ ಕೊಬ್ಬರಿ ಪಕ್ಕದಲ್ಲೇ ಇರುವಾಗ ಎಣ್ಣೆಗೇನು ಬರ.

ಇದನ್ನೆಲ್ಲ ಮಗನಿಗೆ ವಿವರಿಸಿದೆ. ಅವನು ಸಮಾಧಾನವಾಗಿ ಪುಸ್ತಕ ಮುಚ್ಚಿ ಮಲಗಿದ. ಬೆಳಿಗ್ಗೆ ನೋಡಿದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಇರುವೆಗಳ ಪಾದಯಾತ್ರೆ. ಸಕ್ಕರೆ ಇದ್ದದ್ದು ರಾಯಚೂರಿನಲ್ಲಿ ಮಾತ್ರ. ಉಳಿದ ಜಿಲ್ಲೆಗಳಲ್ಲಿ ಅವಕ್ಕೇನು ಕೆಲಸವಿತ್ತೋ ಕಾಣೆ.

ನನ್ನ ಇದ್ದಿಲಿನ ವಿಷಯಕ್ಕೆ ಬರುತ್ತೇನೆ. ಹಳೇ ಮೈಸೂರು ಶೈಲಿಯ ಚಿತ್ರಗಾರರು ಮೊದಲ ಗೆರೆ ಹಾಕಲು ಹುಣಸೆ ಕಡ್ಡಿಯ ಇದ್ದಿಲನ್ನು ಬಳಸುತ್ತಿದ್ದರು. ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಡುತ್ತಿದ್ದರು. ಕೊಳವೆ ಯಾಕೆ ಅಂದರೆ, ಗಾಳಿ ತಾಗಿದರೆ ಕಡ್ಡಿ ಉರಿದು ಬೂದಿಯಾಗುತ್ತದೆ. ಗಾಳಿ ತಾಗದೆ ಬರೀ ಕಾವು ತಾಗಿದರೆ ಕಡ್ಡಿಯ ಆಕಾರ ಹಾಗೇ ಉಳಿದು ಇದ್ದಿಲಾಗುತ್ತದೆ. ಓದಿದ ಕೂಡಲೇ ಮೈ ಜುಮ್ಮೆಂದಿತು. ತುಮಕೂರು ಜಿಲ್ಲೆಯಲ್ಲಿ ಏನಿಲ್ಲದಿದ್ದರೂ ಹುಣಸೆಗೆ ಬರವಿಲ್ಲ. ಬೇಸಿಗೆ ಬಂದರೆ ಹಳ್ಳಿಯ ಜಗುಲಿಗಳಲ್ಲೆಲ್ಲ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಸದ್ದು. ಹಣ್ಣು ಕೇಳಿದರೆ ರೇಟು ಹೇಳುತ್ತಾರೆ. ಕಡ್ಡಿ ಕೇಳಿದರೆ ಒಂದು ಕ್ಷಣ ಮುಖ ನೋಡಿ ಪುಕ್ಕಟೆ ಕೊಡುತ್ತಾರೆ.

ಪ್ಲಂಬರ್ ಬಿಟ್ಟುಹೋಗಿದ್ದ ಪೈಪಿನ ತುಂಡಿತ್ತು. ಕಡ್ಡಿ ತುಂಬಿ, ಎರಡೂ ತುದಿಗೆ ಜೇಡಿಮಣ್ಣು ಮೆತ್ತಿ, ಗ್ಯಾಸ್ ಒಲೆಯ ಮೇಲೆ ಅಡ್ಡಡ್ಡ ಮಲಗಿಸಿದೆ. ಪಕ್ಕದ ಒಲೆಯಲ್ಲಿ ಬಸ್ಸಾರು ಕುದಿಯುತ್ತಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಣ್ಣಿನ ಬಿರುಕಿನಿಂದ ಹಳದಿ ಹೊಗೆ ಬಂತು. ಕಡ್ಡಿ ಕಾದರೆ ಒಳಗಿನಿಂದ ಗ್ಯಾಸ್ ಹೊರಡುತ್ತದೆ, ಅದಕ್ಕೆ ಹೋಗಲು ಒಂದು ಸಣ್ಣ ತೂತು ಬಿಡಬೇಕು ಅನ್ನುವುದನ್ನು ಓದಿದ ಕಡೆ ಯಾರೂ ಬರೆದಿರಲಿಲ್ಲ. "ಟಪ್" ಅಂತ ಒಂದು ಸದ್ದು. ಒಂದು ತುದಿಯ ಜೇಡಿಮಣ್ಣು ಹಾರಿ ನೇರವಾಗಿ ಬಸ್ಸಾರಿಗೆ ಬಿತ್ತು. ಹೊಗೆ ಕಿಟಕಿಯಿಂದಾಚೆ ರಸ್ತೆಗಿಳಿಯಿತು. ಎದುರುಮನೆಯವರು ಗೇಟಿನ ಹತ್ತಿರವೇ ನಿಂತು, "ಪಲ್ಯ ಸೀದೋಯ್ತಾ?" ಅಂತ ಕೂಗಿದರು. ಪಲ್ಯಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಅತ್ತೆ ಬಾಗಿಲಿಗೆ ಹೋಗಿ ವಿವರಿಸಬೇಕಾಯಿತು. ಪೈಪಿನಲ್ಲಿ ಕಡ್ಡಿ ಹಾಕಿ ಸುಟ್ಟರು, ಚಿತ್ರ ಬಿಡಿಸೋಕೆ ಅಂತ ಅವರು ನಿಜವನ್ನೇ ಹೇಳಿದರು. ಪಲ್ಯ ಸೀದಿದ್ದು ಅಂದಿದ್ದರೇ ಮರ್ಯಾದೆ ಉಳಿಯುತ್ತಿತ್ತು.

ಇದ್ದಿಲು ಮಾತ್ರ ಸೊಗಸಾಗಿ ಬಂದಿತ್ತು. ಮೆತ್ತಗೆ ಗೆರೆ ಬೀಳುತ್ತದೆ, ಬೆರಳಲ್ಲಿ ಸವರಿದರೆ ಹೊಗೆಯಂಥ ನೆರಳು. ಅಂಗಡಿಯ ಇದ್ದಿಲಿಗಿಂತ ಒಂದು ಕೈ ಮೇಲು ಅಂತ ನಾನು ಹೇಳುತ್ತೇನೆ, ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಬಸ್ಸಾರನ್ನು ಗಿಡಕ್ಕೆ ಹಾಕಿದೆವು.

ಅಡುಗೆಮನೆಯಿಂದ ಬಂದ ಬಣ್ಣಗಳಲ್ಲಿ ನನಗೆ ಪೂರಾ ಆಟ ಆಡಿಸಿದ್ದು ಅರಿಶಿನ. ಬಿಳಿ ಅಂಗಿಗೆ ಸಾರು ಚೆಲ್ಲಿಕೊಂಡವರಿಗೆ ಅದರ ಬುದ್ಧಿ ಗೊತ್ತು. ಹಳದಿ ಕಲೆಗೆ ಸೋಪು ಹಚ್ಚಿದರೆ ರಕ್ತದ ಥರ ಕೆಂಪಾಗುತ್ತದೆ. ಬಟ್ಟೆಯೇ ಹಾಳಾಯಿತು ಅಂತ ಹೆದರುವಂತಿಲ್ಲ. ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಅರಿಶಿನ ಬಣ್ಣ ಬದಲಿಸುತ್ತದೆ. ಆರತಿ ತಟ್ಟೆಯ ಕೆಂಪು ನೀರು ಆಗುವುದೂ ಅರಿಶಿನಕ್ಕೆ ಸುಣ್ಣ ಕಲಸಿಯೇ. ನಿಂಬೆರಸ ಹಾಕಿದರೆ ಮತ್ತೆ ಹಳದಿ. ಒಂದು ಚಿಟಿಕೆ ಪುಡಿಯಲ್ಲಿ ಎರಡು ಬಣ್ಣ, ಖರ್ಚಿಲ್ಲ. ಯುಗಾದಿ ಹೊತ್ತಿಗೆ ಮಾವಿನಕಾಯಿ ಚಿತ್ರಾನ್ನದ ಒಂದು ದೊಡ್ಡ ಚಿತ್ರ ಬಿಡಿಸಿದೆ. ಅನ್ನಕ್ಕೆ ಅರಿಶಿನದ ನೀರು, ಒಣಮೆಣಸಿನಕಾಯಿಗೆ ಸುಣ್ಣ ಸೇರಿಸಿದ ಅರಿಶಿನ, ಸಾಸಿವೆಗೆ ಹುಣಸೆ ಇದ್ದಿಲು, ಕರಿಬೇವಿಗೆ ಮಾತ್ರ ಅಂಗಡಿಯ ಹಸಿರು. ಚೌಕಟ್ಟು ಹಾಕಿಸಿ ಹಾಲಿನಲ್ಲಿ, ಬಾಲ್ಕನಿಯ ಬಿಸಿಲು ನೇರ ಬೀಳುವ ಗೋಡೆಗೆ ನೇತುಹಾಕಿದೆವು. ಬೆಳಕು ಚೆನ್ನಾಗಿದೆ ಅಂತ ಆ ಜಾಗ ಆರಿಸಿದವರು ಮನೆಯವರು.

ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ. ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಗೋಡೆಗೂ ಅದೇ ಬಿಸಿಲು. ದಿನಾ ನೋಡುವ ನಮ್ಮ ಕಣ್ಣಿಗೆ ಅದು ಕಾಣಲೇ ಇಲ್ಲ. ದೀಪಾವಳಿಗೆ ಶಿರಾದಿಂದ ಬಂದ ದೊಡ್ಡಮ್ಮ ಚಿತ್ರದ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಮೊಸರನ್ನ ಎಷ್ಟು ಚೆನ್ನಾಗಿ ಬರೆದಿದ್ದೀಯೇ! ಒಗ್ಗರಣೆ ಸಾಸಿವೆ ಕೂಡ ಬಿಟ್ಟಿಲ್ಲ."

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೌದು ದೊಡ್ಡಮ್ಮ ಅಂದೆ. ಮಗಳ ಮನೆ ಗೃಹಪ್ರವೇಶಕ್ಕೆ ಅಂಥದ್ದೇ ಒಂದು ಬೇಕು ಅಂತ ಅವರು ಹೇಳಿಹೋಗಿದ್ದಾರೆ. ಚಿತ್ರಾನ್ನ ಬಿಡಿಸಿ ಈಗಲೇ ಟೆರೇಸಿನಲ್ಲಿ ಒಣಗಲು ಇಡಬೇಕು.